ಬಿಸಿನೀರಿಗೆ ತಣ್ಣೀರು ಬೆರೆಸಿದ್ರೆ ಎಷ್ಟು ಡಿಗ್ರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ, ಪಕ್ಕದ ಚಾಳಿನ ಕನ್ನಡ ಮಕ್ಕಳಿಗೆ ಸಂಜೆ ಹೊತ್ತು ವಿಜ್ಞಾನ ಹೇಳ್ಕೊಡ್ತೀನಿ. ಹತ್ತನೇ ಕ್ಲಾಸಿನ ಬಾಲಭಾರತಿ ಪುಸ್ತಕದಲ್ಲಿ, ಅಂದ್ರೆ ಮಹಾರಾಷ್ಟ್ರದ ಸರ್ಕಾರಿ ಪಠ್ಯಪುಸ್ತಕದಲ್ಲಿ, ಉಷ್ಣದ ಪಾಠ ಶುರುವಾದ್ರೆ ಸಾಕು, ಮಕ್ಕಳು, ಅವರ ಅಪ್ಪ ಅಮ್ಮಂದಿರು, ಪುಣೆಯಲ್ಲಿರೋ ನನ್ನ ತಂಗಿ, ಗೋವಾದ ಮಡಗಾಂವ್‌ನಲ್ಲಿರೋ ಚಿಕ್ಕಪ್ಪ ಎಲ್ಲರೂ ಸುತ್ತಿ ಬಳಸಿ ಇದನ್ನೇ ಕೇಳ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನ ಅವರ ಮಾತಲ್ಲೇ ಇಲ್ಲಿ ಬರೆದಿದ್ದೀನಿ. ಯಾವುದು ಬೇಕೋ ಅದನ್ನ ಮಾತ್ರ ಓದಿದ್ರೂ ಅರ್ಥ ಆಗತ್ತೆ.

## ಶುರುವಿಗೆ

ಬಿಸಿನೀರು ಒಂದು ಬಕೆಟ್, ತಣ್ಣೀರು ಒಂದು ಬಕೆಟ್, ಎರಡೂ ಸೇರಿಸಿದ್ರೆ ಎಷ್ಟು ಡಿಗ್ರಿ ಆಗತ್ತೆ ಅಕ್ಕಾ?

ಎರಡೂ ಸಮ ಸಮ ಇದ್ರೆ ಸರೀ ಮಧ್ಯಕ್ಕೆ ಬಂದು ನಿಲ್ಲತ್ತೆ. 60 ಡಿಗ್ರಿದೊಂದು, 20 ಡಿಗ್ರಿದೊಂದು ಅಂದ್ರೆ ಕೂಡಿಸಿ ಅರ್ಧ ಮಾಡಿ, 40. ಬಿಸಿನೀರು 20 ಡಿಗ್ರಿ ಇಳೀತು, ತಣ್ಣೀರು 20 ಡಿಗ್ರಿ ಏರ್ತು. ಇಳಿದವನು ಬಿಟ್ಟಿದ್ದನ್ನೇ ಏರಿದವನು ತಗೊಂಡ, ಇಡೀ ಪಾಠ ಇಷ್ಟೇ, ಮುಂದೆ ಬರೋದೆಲ್ಲ ಇದರದ್ದೇ ವಿಸ್ತಾರ.

60 ಡಿಗ್ರಿ ನೀರಿಗೆ 30 ಡಿಗ್ರಿ ನೀರು ಹಾಕಿದ್ರೆ 90 ಯಾಕೆ ಆಗಲ್ಲ, ಕೂಡಿಸ್ಬೇಕಲ್ವಾ?

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು ಇದು, ನನಗೆ ತುಂಬಾ ಇಷ್ಟದ ಪ್ರಶ್ನೆ. ಎರಡು ಲೋಟ ಚಾ ಇದೆ, ಒಂದೊಂದಕ್ಕೂ ಎರಡೆರಡು ಚಮಚ ಸಕ್ಕರೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದ್ರೆ ಸಕ್ಕರೆ ನಾಲ್ಕು ಚಮಚ ಆಯ್ತು ನಿಜ, ಆದ್ರೆ ಚಾ ಎರಡು ಪಟ್ಟು ಸಿಹಿ ಆಗತ್ತಾ? ಇಲ್ಲ, ಸಿಹಿ ಅಷ್ಟೇ ಇರತ್ತೆ. ಸಕ್ಕರೆ ಇದ್ದಹಾಗೆ ಶಾಖ, ಅದನ್ನ ಕೂಡಿಸ್ಬಹುದು. ಸಿಹಿ ಇದ್ದಹಾಗೆ ಡಿಗ್ರಿ, ಅದನ್ನ ಕೂಡಿಸಕ್ಕೆ ಬರಲ್ಲ. ಹೊರಗಿಂದ ಶಾಖ ಕೊಡದೆ ಇದ್ರೆ ಉತ್ತರ ಯಾವಾಗ್ಲೂ ಎರಡು ಡಿಗ್ರಿಗಳ ನಡುವೆಯೇ ಬರ್ಬೇಕು, 30ಕ್ಕಿಂತ ಕೆಳಗೋ 60ಕ್ಕಿಂತ ಮೇಲೋ ಬಂದ್ರೆ ಲೆಕ್ಕ ತಪ್ಪಿದೆ ಅಂತ ಕಣ್ಣುಮುಚ್ಚಿ ಹೇಳ್ಬಹುದು.

ಅಳತೆ ಬೇರೆ ಬೇರೆ ಇದ್ರೆ? ಬಿಸಿ 5 ಲೀಟರ್, ತಣ್ಣೀರು 15 ಲೀಟರ್ ಅಂತಿಟ್ಕೊಳ್ಳಿ

ಆಗ ಯಾರದ್ದು ಜಾಸ್ತಿ ಇದೆಯೋ ಅವರ ಕಡೆಗೆ ಉತ್ತರ ವಾಲತ್ತೆ. ಬಿಸಿನೀರು 60, ತಣ್ಣೀರು 24 ಅಂತಿಟ್ಕೊಳ್ಳಿ. ಒಂದೊಂದರ ಲೀಟರನ್ನ ಅದರದರ ಡಿಗ್ರಿಯಿಂದ ಗುಣಿಸಿ ಕೂಡಿಸಿ, ಒಟ್ಟು ಲೀಟರಿಂದ ಭಾಗಿಸಿ: (5 × 60 + 15 × 24) ÷ 20 = 660 ÷ 20 = 33 ಡಿಗ್ರಿ.

ಬಾಯಲ್ಲೇ ಮಾಡೋಕೆ ಇನ್ನೊಂದು ದಾರಿ ಇದೆ, ನಾನು ಅದನ್ನೇ ಬಳಸೋದು. ಎರಡರ ಅಂತರ 36 ಡಿಗ್ರಿ. ಒಟ್ಟು ನೀರಲ್ಲಿ ಬಿಸಿನೀರು ಕಾಲು ಭಾಗ. 36ರ ಕಾಲು ಭಾಗ 9, ಅದನ್ನ ತಣ್ಣೀರಿನ 24ಕ್ಕೆ ಸೇರಿಸಿ, 33. ಮೂರು ನಾಲ್ಕು ಥರದ ನೀರು ಸೇರಿಸಿದ್ರೂ ಮೊದಲನೇ ದಾರಿ ಹಾಗೇ ನಡೆಯತ್ತೆ, ಎಲ್ಲಾ ಗುಣಿಸಿ ಕೂಡಿಸಿ ಒಟ್ಟು ಲೀಟರಿಂದ ಭಾಗಿಸೋದು.

ಈ ಸೂತ್ರ ಮೊದಲು ಕೊಟ್ಟವರು 18ನೇ ಶತಮಾನದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಗೇಯಾರ್ಗ್ ರಿಚ್‌ಮನ್ ಅನ್ನೋ ವಿಜ್ಞಾನಿ. ಮುಂದೆ ಸಿಡಿಲಿನ ವಿದ್ಯುತ್ ಅಳೆಯೋ ಪ್ರಯೋಗ ಮಾಡ್ತಿರುವಾಗಲೇ ಸಿಡಿಲು ಬಡಿದು 1753ರಲ್ಲಿ ತೀರ್ಕೊಂಡ್ರು. ಮಕ್ಕಳಿಗೆ ಅವರ ಹೆಸರು ಹೇಳದೆ ನಾನು ಈ ಸೂತ್ರ ಬರೆಸಲ್ಲ.

ವಿಶಿಷ್ಟ ಉಷ್ಣ 4.186 ಅಂತ ಬಾಯಿಪಾಠ ಮಾಡಿದ್ವಿ, ಈ ಲೆಕ್ಕದಲ್ಲಿ ಅದು ಎಲ್ಲಿ ಹೋಯ್ತು?

ಎರಡೂ ಕಡೆ ನೀರೇ ಇದೆ, ಹಾಗಾಗಿ ಎರಡೂ ಕಡೆ ಅದೇ ಸಂಖ್ಯೆ ಬಂದು ಹೊಡೆದುಹೋಗತ್ತೆ. ಒಂದು ಕೆಜಿ ನೀರನ್ನ ಒಂದು ಡಿಗ್ರಿ ಏರಿಸೋಕೆ 4.186 ಕಿಲೋಜೌಲ್ ಬೇಕು, ವಿಶಿಷ್ಟ ಉಷ್ಣ ಅಂದ್ರೆ ಇದೇ, ಒಂದು ಗ್ರಾಮಿಗೆ ಒಂದು ಕ್ಯಾಲರಿ ಅಂದ್ರೂ ಅದೇ. ಒಂದು ಕಡೆ ಎಣ್ಣೆಯೋ ತಾಮ್ರವೋ ಇದ್ರೆ ಮಾತ್ರ ಎರಡರದ್ದೂ ಬೇರೆ ಬೇರೆ ಬರ್ದು ಲೆಕ್ಕ ಮಾಡ್ಬೇಕು.

ಲೀಟರಲ್ಲಿ ಅಳೆದ್ರೆ ನಡೆಯತ್ತಾ, ಕೆಜಿಯಲ್ಲೇ ಬೇಕಾ?

ಸರಿಯಾಗಿ ಹೇಳ್ಬೇಕಂದ್ರೆ ಕೆಜಿ, ಯಾಕಂದ್ರೆ ಬಿಸಿಯಾದ ನೀರು ಹಿಗ್ಗತ್ತೆ, 60 ಡಿಗ್ರಿಯಲ್ಲಿ ಒಂದು ಲೀಟರ್ ನೀರು 983 ಗ್ರಾಂ ಅಷ್ಟೇ ತೂಗತ್ತೆ. ಆದ್ರೆ ಇದರಿಂದ ಆಗೋ ವ್ಯತ್ಯಾಸ ನೋಡಿ: 60ರ ಒಂದು ಲೀಟರ್, 24ರ ಒಂದು ಲೀಟರ್ ಸೇರಿದ್ರೆ ಲೀಟರ್ ಲೆಕ್ಕದಲ್ಲಿ 42, ತೂಕದ ಲೆಕ್ಕದಲ್ಲಿ 41.87. ಸ್ನಾನಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಫ್ಯಾರನ್‌ಹೀಟ್‌ನಲ್ಲಿ ಹಾಕಿದ್ರೆ ಉತ್ತರ ಬದಲಾಗತ್ತಾ?

ಇಲ್ಲ. ಸೆಲ್ಸಿಯಸ್, ಫ್ಯಾರನ್‌ಹೀಟ್, ಕೆಲ್ವಿನ್ ಯಾವುದಾದ್ರೂ ಸರಿ, ಎಲ್ಲವನ್ನೂ ಒಂದರಲ್ಲೇ ಇಟ್ಕೊಳ್ಳಿ, ಬೆರೆಸ್ಬೇಡಿ.

## ಬಚ್ಚಲಮನೆ ಲೆಕ್ಕ

ನನಗೆ 40 ಡಿಗ್ರಿ ನೀರು 20 ಲೀಟರ್ ಬೇಕು, ಗೀಸರಿಂದ ಎಷ್ಟು ಹಿಡೀಲಿ?

ಉಲ್ಟಾ ಲೆಕ್ಕ ಇದು. ಬೇಕಾದ ಡಿಗ್ರಿಯಿಂದ ತಣ್ಣೀರಿನದ್ದು ಕಳೀರಿ, ಬಿಸಿಯ ಡಿಗ್ರಿಯಿಂದಲೂ ತಣ್ಣೀರಿನದ್ದು ಕಳೀರಿ, ಮೊದಲನೇದನ್ನ ಎರಡನೇದರಿಂದ ಭಾಗಿಸಿ. ಮುಂಬೈ ಕಡೆ ನಲ್ಲಿ ನೀರು 25, ಗೀಸರ್ ನೀರು 60 ಅಂದ್ರೆ 15 ÷ 35, ಅಂದ್ರೆ ನೂರಕ್ಕೆ 43 ಭಾಗ. 20 ಲೀಟರಲ್ಲಿ ಸುಮಾರು ಎಂಟೂವರೆ ಲೀಟರ್ ಬಿಸಿ, ಉಳಿದದ್ದು ತಣ್ಣೀರು.

ಪುಣೆಯಲ್ಲಿರೋ ನನ್ನ ತಂಗಿ ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಟ್ಯಾಂಕಿನ ನೀರು ಅಳೆದು 16 ಡಿಗ್ರಿ ಅಂದ್ಲು. ಆಗ 24 ÷ 44, ಹತ್ತತ್ರ 11 ಲೀಟರ್ ಬಿಸಿನೀರು ಬೇಕು. ಅದೇ ಬಕೆಟು, ಅದೇ 40 ಡಿಗ್ರಿ, ಎರಡೂವರೆ ಲೀಟರ್ ಜಾಸ್ತಿ. ಚಳಿಗಾಲದಲ್ಲಿ ಗೀಸರ್ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಈ ಒಂದು ಭಾಗಾಕಾರ ಮಾಡಿ ನೋಡಿ.

15 ಲೀಟರ್ ಗೀಸರ್ ಎಷ್ಟು ಹೊತ್ತು ಹಾಕ್ಬೇಕು, ಕರೆಂಟ್ ಎಷ್ಟು ಸುಡತ್ತೆ?

25ರಿಂದ 60ಕ್ಕೆ ಅಂದ್ರೆ 15 × 4.186 × 35, ಸುಮಾರು 2,200 ಕಿಲೋಜೌಲ್. 2,000 ವ್ಯಾಟಿನದ್ದಾದ್ರೆ 18 ನಿಮಿಷ, ಮೀಟರಲ್ಲಿ 0.6 ಯೂನಿಟ್ ಚಿಲ್ಲರೆ. 3,000 ವ್ಯಾಟಿನದ್ದಾದ್ರೆ 12 ನಿಮಿಷ, ಯೂನಿಟ್ ಮಾತ್ರ ಅಷ್ಟೇ.

ಲೆಕ್ಕದಲ್ಲಿ 40 ಬಂತು, ಬಕೆಟ್‌ನಲ್ಲಿ ಥರ್ಮಾಮೀಟರ್ ಇಟ್ರೆ 37 ತೋರಿಸ್ತು, ಸೂತ್ರ ತಪ್ಪಾ?

ಸೂತ್ರ ತಪ್ಪಲ್ಲ, ನಾವು ಸೂತ್ರಕ್ಕೆ ಕೊಟ್ಟ ಅಂಕಿ ತಪ್ಪು. ಇದನ್ನ ನಾನು ಒಂದು ಭಾನುವಾರ ಪೂರ್ತಿ ಕೂತು ಹುಡುಕಿದ್ದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಮೊದಲು ಬಕೆಟ್ ಮೇಲೆ ಅನುಮಾನ ಬಂತು. ಒಂದೂವರೆ ಕೆಜಿ ಸ್ಟೀಲ್ ಬಕೆಟು, ಸ್ಟೀಲಿಗೆ ನೀರಿನ ಎಂಟನೇ ಒಂದು ಭಾಗದಷ್ಟು ಶಾಖ ಸಾಕು, ಅಂದ್ರೆ ಇಡೀ ಬಕೆಟ್ 180 ಗ್ರಾಂ ನೀರಿಗೆ ಸಮ. 20 ಲೀಟರ್ ನೀರಿನ ಮುಂದೆ ಅದು ಏನೂ ಅಲ್ಲ. ಆಮೇಲೆ ಹಬೆ. ಹತ್ತು ಗ್ರಾಂ ನೀರು ಆವಿಯಾಗಿ ಹೋದ್ರೆ ಅದು 24 ಕಿಲೋಜೌಲ್ ಹೊತ್ಕೊಂಡು ಹೋಗತ್ತೆ, 20 ಲೀಟರ್ ನೀರು 0.3 ಡಿಗ್ರಿ ಇಳಿಯತ್ತೆ. ಬಿಸಿನೀರನ್ನ ಎತ್ತರದಿಂದ ಸುರಿದ್ರೆ, ಬಕೆಟ್ ತೆರೆದಿಟ್ಟು ಟವೆಲ್ ಹುಡುಕ್ತಾ ನಿಂತ್ರೆ ಅರ್ಧ ಡಿಗ್ರಿ ಒಂದು ಡಿಗ್ರಿ ಹೀಗೇ ಹೋಗತ್ತೆ, ಅಷ್ಟೇ ಹೊರತು ಮೂರು ಡಿಗ್ರಿ ಹೋಗಲ್ಲ.

ಕೊನೆಗೆ ಗೀಸರ್ ನಲ್ಲಿಯ ಕೆಳಗೆ ಮಗ್ ಹಿಡಿದು ಮಗ್ ಮಗ್ ಅಳೆದೆ. ಮೊದಲ ಮಗ್ 59, ನಾಲ್ಕನೇದು 57, ಎಂಟನೇದು 53, ಹನ್ನೆರಡನೇದಕ್ಕೆ 46. ಬಿಸಿನೀರು ಹೊರಗೆ ಬರ್ತಾ ಇದ್ದಹಾಗೆ ಅಷ್ಟೇ ತಣ್ಣೀರು ಗೀಸರಿನ ಕೆಳಗಿಂದ ಒಳಗೆ ನುಗ್ತಾ ಇರತ್ತೆ, ಒಳಗೇ ಬೆರೆಯೋಕೆ ಶುರು ಆಗತ್ತೆ. ನಾನು 60 ಅಂತ ಬರ್ಕೊಂಡಿದ್ದ ಎಂಟೂವರೆ ಲೀಟರಿನ ಸರಾಸರಿ 55ರ ಹತ್ತಿರವೋ ಏನೋ ಇತ್ತು. 55 ಹಾಕಿ ಮತ್ತೆ ಲೆಕ್ಕ ಮಾಡಿದ್ರೆ 37.9 ಬರತ್ತೆ, ಉಳಿದದ್ದು ಹಬೆಯ ಪಾಲು.

ಇನ್ನೊಂದು ಮಾತು, ಜ್ವರ ನೋಡೋ ಥರ್ಮಾಮೀಟರ್ ಇದಕ್ಕೆ ಬಳಸ್ಬೇಡಿ, ಅದು 42ರ ಆಚೆ ಅಳೆಯಲ್ಲ, ಬಿಸಿನೀರಲ್ಲಿ ಅದ್ದಿದ್ರೆ ಗಾಜಿನದ್ದು ಒಡೆದೇ ಹೋಗ್ಬಹುದು. ಲ್ಯಾಬ್ ಸಾಮಾನು ಮಾರೋ ಅಂಗಡಿಯಲ್ಲಿ ಕೆಂಪು ಗೆರೆಯ ಥರ್ಮಾಮೀಟರ್ ಸಿಗತ್ತೆ, ಅದು ತಗೊಳ್ಳಿ.

ಮೊದಲು ತಣ್ಣೀರು ಹಾಕ್ಬೇಕಾ ಬಿಸಿನೀರಾ, ಕೊನೆಯ ಡಿಗ್ರಿ ಬೇರೆ ಬರತ್ತಾ?

ಕಾಗದದ ಮೇಲೆ ಎರಡೂ ಒಂದೇ. ಆದ್ರೆ ಮನೆಯಲ್ಲಿ ಮೊದಲು ತಣ್ಣೀರೇ ಹಾಕಿ, ದಯವಿಟ್ಟು. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಲ್ಲಿ ಸುಡತ್ತೆ, ಮಗುವಿನ ಚರ್ಮ ಅದಕ್ಕಿಂತ ಬೇಗ. ನಮ್ಮ ಪರಿಚಯದ ಮನೆಯಲ್ಲಿ ಅಜ್ಜಿ ತಣ್ಣೀರಿನ ನಲ್ಲಿ ಬಿಡೋಕೆ ತಿರುಗಿದ್ದು ಎರಡು ಕ್ಷಣ, ಅಷ್ಟರಲ್ಲಿ ಮೊಮ್ಮಗ ಬರೀ ಬಿಸಿನೀರಿದ್ದ ಬಕೆಟ್‌ಗೆ ಕೈ ಅದ್ದಿದ್ದ. ಆ ಕೈ ಮೇಲಿನ ಗುರುತು ಈಗ್ಲೂ ಇದೆ. ನರಕ ಚತುರ್ದಶಿ ದಿನ ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಮನೆತುಂಬ ಮಕ್ಕಳು ಓಡಾಡ್ತಿರ್ತಾರೆ, ಆವತ್ತಂತೂ ಇನ್ನೂ ಹುಷಾರಾಗಿರಿ.

ಬೆರೆಸಿದ ಮೇಲೆ ಕೈಯಿಂದಲೋ ಮಗ್‌ನಿಂದಲೋ ಚೆನ್ನಾಗಿ ಕಲಕಿ. ಬಿಸಿನೀರು ಹಗುರ, ಮೇಲೇ ನಿಲ್ಲತ್ತೆ, ಕೆಳಗಿನ ನೀರು ತಣ್ಣಗೇ ಇರತ್ತೆ. ಕಲಕದೆ ಅಳೆದ ಡಿಗ್ರಿಗೆ ಬೆಲೆ ಇಲ್ಲ. ಮಗುವಿಗಾದ್ರೆ 37, 38 ಸಾಕು, ಮೊಣಕೈ ಅದ್ದಿ ನೋಡಿ.

ಪುಣೆಯಲ್ಲಿ ನೀರು 100ಕ್ಕೆ ಕುದಿಯಲ್ವಂತೆ, ಹಂಡೆ ನೀರಿನ ಲೆಕ್ಕಕ್ಕೆ ಎಷ್ಟು ಹಾಕ್ಲಿ?

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ನೀರು 98ರ ಸುಮಾರಿಗೇ ಕುದಿಯತ್ತೆ. ಮುಂಬೈ, ಗೋವಾ ಕರಾವಳಿಯಲ್ಲಿ 100 ಅಂತಲೇ ಹಾಕಿ. 4 ಲೀಟರ್ ಕುದಿಯೋ ನೀರಿಗೆ 20 ಡಿಗ್ರಿಯ 16 ಲೀಟರ್ ಸೇರಿಸಿದ್ರೆ ಮಡಗಾಂವ್‌ನಲ್ಲಿ 36, ಪುಣೆಯಲ್ಲಿ 35.6. ಮೈಗೆ ಗೊತ್ತೇ ಆಗಲ್ಲ.

## ಪರೀಕ್ಷೆ ಮತ್ತು ಅಡುಗೆಮನೆ

ಕ್ಯಾಲರಿಮೀಟರ್ ಕೊಟ್ರೆ ಸ್ಟೆಪ್ಸ್ ಹೇಗೆ ಬರೀಲಿ ಟೀಚರ್?

ಕ್ಯಾಲರಿಮೀಟರ್ ಅಂದ್ರೆ ಲ್ಯಾಬಲ್ಲಿ ಶಾಖದ ಲೆಕ್ಕಕ್ಕೆ ಬಳಸೋ ಪಾತ್ರೆ. ಮೊದಲ ಸಾಲು ಮಾತಲ್ಲೇ ಬರೀರಿ: ಬಿಸಿ ವಸ್ತು ಕಳ್ಕೊಂಡ ಉಷ್ಣ = ತಣ್ಣನೆ ವಸ್ತುಗಳು ಪಡ್ಕೊಂಡ ಉಷ್ಣ. ಆಮೇಲೆ ಯಾರು ಯಾರು ತಣ್ಣನೆ ಕಡೆ ಇದ್ದಾರೆ ಅಂತ ಪಟ್ಟಿ ಮಾಡಿ, ಮಕ್ಕಳು ಮರೆಯೋದು ಪಾತ್ರೆಯನ್ನೇ.

100 ಗ್ರಾಂ ತೂಕದ ತಾಮ್ರದ ಕ್ಯಾಲರಿಮೀಟರ್, ಅದರೊಳಗೆ 25 ಡಿಗ್ರಿಯ 100 ಗ್ರಾಂ ನೀರು, ಅದಕ್ಕೆ 70 ಡಿಗ್ರಿಯ 100 ಗ್ರಾಂ ಸುರಿದ್ವಿ. ತಾಮ್ರದ ವಿಶಿಷ್ಟ ಉಷ್ಣ 0.09 ಕ್ಯಾಲರಿ ಅಂದ್ರೆ ಪಾತ್ರೆ 9 ಗ್ರಾಂ ನೀರಿಗೆ ಸಮ. ತಣ್ಣನೆ ಕಡೆ 109, ಬಿಸಿ ಕಡೆ 100. (109 × 25 + 100 × 70) ÷ 209 = 46.5 ಡಿಗ್ರಿ. ಪಾತ್ರೆ ಬಿಟ್ಟಿದ್ರೆ 47.5 ಬರ್ತಿತ್ತು, ಒಂದು ಡಿಗ್ರಿ ಪಾತ್ರೆ ತಿಂದಿದೆ.

ಐಸ್ ಹಾಕಿದ್ರೆ ಅದೇ ಸೂತ್ರ ಯಾಕೆ ಬರಲ್ಲ?

ಬೇಸಿಗೆಯಲ್ಲಿ ಕೋಕಂ ಶರಬತ್ ಮಾಡ್ತೀವಲ್ಲ, ಊರಲ್ಲಿ ಪುನರ್ಪುಳಿ ಅಂತಾರಲ್ಲ ಅದೇ. 30 ಡಿಗ್ರಿಯ 200 ಗ್ರಾಂ ಶರಬತ್‌ಗೆ 0 ಡಿಗ್ರಿಯ 50 ಗ್ರಾಂ ಐಸ್ ಹಾಕಿದ್ವಿ, ಶರಬತ್ತನ್ನ ನೀರೇ ಅಂತ ತಿಳ್ಕೊಳ್ಳಿ. ಮೇಲಿನ ಸೂತ್ರ ಹಾಕಿದ್ರೆ 6,000 ÷ 250 = 24 ಡಿಗ್ರಿ. ಕುಡಿದವರಿಗೆ ಗೊತ್ತು ಅದು 24 ಅಲ್ಲ ಅಂತ.

ಐಸ್ ಮೊದಲು ಕರಗ್ಬೇಕು, ಡಿಗ್ರಿ ಒಂಚೂರೂ ಏರದೆ 0ಯಲ್ಲೇ ಇದ್ದು ಕರಗೋಕೆ ಒಂದು ಗ್ರಾಮಿಗೆ 80 ಕ್ಯಾಲರಿ ನುಂಗತ್ತೆ. 50 ಗ್ರಾಮಿಗೆ 4,000. ಶರಬತ್ 0ಗೆ ಇಳಿಯೋವರೆಗೆ ಕೊಡಬಲ್ಲದ್ದು 6,000, ಅದರಲ್ಲಿ 4,000 ಕರಗಿಸೋಕೇ ಹೋಯ್ತು, ಉಳಿದ 2,000ವನ್ನ 250 ಗ್ರಾಮಿಗೆ ಹಂಚಿ, 8 ಡಿಗ್ರಿ. 24 ಎಲ್ಲಿ, 8 ಎಲ್ಲಿ!

ಐಸ್ 100 ಗ್ರಾಂ ಹಾಕಿದ್ರೆ? ಕರಗೋಕೆ 8,000 ಬೇಕು, ಇರೋದು 6,000, ಹಾಗಾಗಿ 75 ಗ್ರಾಂ ಕರಗಿ 25 ಗ್ರಾಂ ಹಾಗೇ ತೇಲ್ತಾ ಇರತ್ತೆ, ಲೋಟ 0 ಡಿಗ್ರಿಯಲ್ಲಿ ನಿಲ್ಲತ್ತೆ. ಹಾಗಾಗಿ ಐಸ್ ಲೆಕ್ಕದಲ್ಲಿ ಮೊದಲ ಕೆಲಸ ಎಲ್ಲಾ ಕರಗತ್ತಾ ಅಂತ ನೋಡೋದು. ಈ ಅಡಗಿದ ಶಾಖವನ್ನ, ಅಂದ್ರೆ ಗುಪ್ತೋಷ್ಣವನ್ನ 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಪಾಠ ಮಾಡ್ತಿದ್ದ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದ್ರು. ಶಾಖ ಬೇರೆ ಡಿಗ್ರಿ ಬೇರೆ ಅಂತ ಖಚಿತವಾಗಿ ಬೇರ್ಪಡಿಸಿದವರೂ ಅವರೇ.

ಕುದಿಯೋ ನೀರು ಬಿದ್ದದ್ದಕ್ಕಿಂತ ಉಗಿ ಬಡಿದ್ರೆ ಯಾಕೆ ಜಾಸ್ತಿ ಸುಡತ್ತೆ, ಎರಡೂ 100 ಅಲ್ವಾ?

ಉಗಿ ನೀರಾಗುವಾಗ ಒಂದು ಗ್ರಾಮಿಗೆ 540 ಕ್ಯಾಲರಿ ಬಿಟ್ಟುಕೊಡತ್ತೆ. 30 ಡಿಗ್ರಿಯ 200 ಗ್ರಾಂ ನೀರಿಗೆ 10 ಗ್ರಾಂ ಕುದಿಯೋ ನೀರು ಹಾಕಿದ್ರೆ 33.3 ಆಗತ್ತೆ, ಅದೇ 10 ಗ್ರಾಂ ಉಗಿ ಬಿಟ್ರೆ 59. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಮುಖ ದೂರ ಇಟ್ಕೊಳ್ಳಿ ಅಂತ ಅಮ್ಮ ಹೇಳ್ತಿದ್ದದ್ದು ಇದಕ್ಕೇ.

ಕಾಫಿಗೆ ಹಾಲು ಹಾಕಿದಾಗಲೂ ಇದೇ ಲೆಕ್ಕನಾ? ಹಾಲು ನೀರಲ್ವಲ್ಲ

ಹಾಲಿನ ವಿಶಿಷ್ಟ ಉಷ್ಣ ನೀರಿನ 0.93ರಷ್ಟು, ಬಹಳ ವ್ಯತ್ಯಾಸ ಇಲ್ಲ. 40 ಡಿಗ್ರಿಯ 30 ಗ್ರಾಂ ಡಿಕಾಕ್ಷನ್‌ಗೆ 90 ಡಿಗ್ರಿಯ 100 ಗ್ರಾಂ ಹಾಲು ಹಾಕಿದ್ರೆ 77.8, ಹಾಲನ್ನ ನೀರೇ ಅಂದ್ಕೊಂಡ್ರೂ 78.5.

ನಿಜವಾದ ಕಳ್ಳ ಲೋಟ. 100 ಗ್ರಾಂ ಸ್ಟೀಲ್ ಲೋಟ 30 ಡಿಗ್ರಿಯಲ್ಲಿತ್ತು ಅಂದ್ರೆ ಅದು 12 ಗ್ರಾಂ ನೀರಿಗೆ ಸಮ, ಅದನ್ನೂ ಸೇರಿಸಿ ಲೆಕ್ಕ ಮಾಡಿದ್ರೆ ಕಾಫಿ 73.6ಕ್ಕೆ ಬಂದು ನಿಲ್ಲತ್ತೆ. ಬಾಯಿಗೆ ಬರೋ ಮುಂಚೆಯೇ ನಾಲ್ಕು ಡಿಗ್ರಿ ಲೋಟಕ್ಕೆ ಹೋಯ್ತು. ಲೋಟವನ್ನ ಕುದಿಯೋ ನೀರಲ್ಲಿ ಅದ್ದಿ ತೆಗೆದು ಕಾಫಿ ಹಾಕಿ ನೋಡಿ, ಆ ನಾಲ್ಕು ಡಿಗ್ರಿ ಉಳಿಯತ್ತೆ. 20 ಲೀಟರ್ ಬಕೆಟ್‌ನಲ್ಲಿ ಪಾತ್ರೆ ಮರೆತ್ರೆ ನಡೆಯತ್ತೆ, ಸಣ್ಣ ಲೋಟದಲ್ಲಿ ನಡೆಯಲ್ಲ.

ಎಣ್ಣೆಯಾದ್ರೆ ಕತೆ ಬೇರೆ, ಅದಕ್ಕೆ ನೀರಿನ ಅರ್ಧದಷ್ಟು ಶಾಖ ಸಾಕು. 80 ಡಿಗ್ರಿಯ ಒಂದು ಕೆಜಿ ನೀರು, 20 ಡಿಗ್ರಿಯ ಒಂದು ಕೆಜಿ ಎಣ್ಣೆ ಒಟ್ಟಿಗಿಟ್ರೆ 50 ಅಲ್ಲ, 60 ಆಗತ್ತೆ.

## ಇನ್ನೂ ಒಳಗೆ ಹೋದ್ರೆ

ನೀರಿನ ವಿಶಿಷ್ಟ ಉಷ್ಣ 0ಯಿಂದ 100ರವರೆಗೂ ಒಂದೇ ಇರತ್ತಾ?

ಒಂದೇ ಇರಲ್ಲ. 0 ಡಿಗ್ರಿಯಲ್ಲಿ 4.217, ಇಳೀತಾ ಬಂದು 35ರ ಆಸುಪಾಸಲ್ಲಿ 4.178, ಆಮೇಲೆ ಮತ್ತೆ ಏರಿ 100ರಲ್ಲಿ 4.216. ಹಾಗಾಗಿ 0 ಡಿಗ್ರಿಯ ಒಂದು ಕೆಜಿ ನೀರಿಗೆ 100ರ ಒಂದು ಕೆಜಿ ಸೇರಿಸಿದ್ರೆ ಸರಿಯಾಗಿ 50 ಬರಲ್ಲ, 50.05ರ ಹತ್ತಿರ ಬರತ್ತೆ. ಡಿಗ್ರಿಯ ಇಪ್ಪತ್ತನೇ ಒಂದು ಭಾಗ, ಅದೂ ಇಷ್ಟು ದೊಡ್ಡ ಅಂತರದಲ್ಲಿ! ರಿಚ್‌ಮನ್ ಸೂತ್ರ ಇಷ್ಟು ಚೆನ್ನಾಗಿ ನಡೆಯೋದು ನೀರಿನ ಈ ಗುಣದಿಂದಲೇ.

ಕಳ್ಕೊಂಡದ್ದೂ ಪಡ್ಕೊಂಡದ್ದೂ ಸಮ ಅಂದ್ರೆ ಏನೂ ಹಾಳಾಗ್ಲಿಲ್ಲ, ಮತ್ತೆ ಬೇರ್ಪಡಿಸ್ಬಹುದಲ್ವಾ?

ಶಾಖ ಹಾಳಾಗ್ಲಿಲ್ಲ, ಆದ್ರೆ ಅಂತರ ಹೋಯ್ತು. 60 ಮತ್ತು 20ರ ನಡುವೆ ಒಂದು ಪುಟ್ಟ ಎಂಜಿನ್ ಇಟ್ಟು ಕೆಲಸ ತೆಗೀಬಹುದಿತ್ತು, 40 ಮತ್ತು 40ರ ನಡುವೆ ಏನೂ ತೆಗೆಯೋಕಾಗಲ್ಲ. ಈ ಕಳ್ಕೊಂಡದ್ದಕ್ಕೆ ಅಳತೆ ಎಂಟ್ರೊಪಿ. ಒಂದೊಂದು ಕೆಜಿ ಬೆರೆಸಿದಾಗ ಅದು ಕೆಲ್ವಿನ್ನಿಗೆ ಸುಮಾರು 17 ಜೌಲ್ ಹೆಚ್ಚಾಗತ್ತೆ, ತಾನಾಗೇ ಯಾವತ್ತೂ ಇಳಿಯಲ್ಲ. ಈ ಲೆಕ್ಕಕ್ಕೆ ಮಾತ್ರ ಡಿಗ್ರಿಯನ್ನ ಕೆಲ್ವಿನ್‌ನಲ್ಲೇ ಹಾಕ್ಬೇಕು.

60ರ ಒಂದು ಲೀಟರ್ ಬಳಸಿ 20ರ ಒಂದು ಲೀಟರನ್ನ 40ಕ್ಕಿಂತ ಮೇಲೆ ಏರಿಸೋಕೆ ಆಗತ್ತಾ?

ಬೆರೆಸಿದ್ರೆ ಆಗಲ್ಲ. ಬೆರೆಸದೆ ಇದ್ರೆ ಆಗತ್ತೆ! ಹನ್ನೊಂದನೇ ಕ್ಲಾಸಿನ ಹುಡುಗ ಈ ಉತ್ತರ ನಂಬ್ಲೇ ಇಲ್ಲ, ಆಮೇಲೆ ತಾನೇ ಲೆಕ್ಕ ಮಾಡ್ಕೊಂಡು ಬಂದ.

ತಣ್ಣೀರನ್ನ ಅರ್ಧರ್ಧ ಲೀಟರ್ ಮಾಡಿ. ಮೊದಲ ಅರ್ಧವನ್ನ ತೆಳು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಿಸಿನೀರಿನ ಪಾತ್ರೆಯೊಳಗೆ ಇಳಿಬಿಡಿ, ನೀರು ನೀರಿಗೆ ಸೇರ್ಬಾರ್ದು. ಎರಡೂ 46.7ಕ್ಕೆ ಬಂದು ನಿಲ್ಲತ್ತೆ. ಡಬ್ಬಿ ತೆಗೆದಿಟ್ಟು ಎರಡನೇ ಅರ್ಧವನ್ನ ಇಳಿಬಿಡಿ, ಈಗ ಎರಡೂ 37.8. ತೆಗೆದ ಎರಡು ಅರ್ಧಗಳನ್ನ ಸೇರಿಸಿದ್ರೆ ತಣ್ಣೀರಾಗಿದ್ದದ್ದು 42.2 ಡಿಗ್ರಿ ಆಗಿದೆ, ಬಿಸಿನೀರಾಗಿದ್ದದ್ದು 37.8ಕ್ಕೆ ಇಳಿದಿದೆ. ತಣ್ಣೀರು ಬಿಸಿನೀರನ್ನ ದಾಟಿ ಮುಂದೆ ಹೋಯ್ತು, ಶಾಖದ ಲೆಕ್ಕ ಒಂದು ಕ್ಯಾಲರಿಯೂ ತಪ್ಪಿಲ್ಲ. ನಾಲ್ಕು ಭಾಗ ಮಾಡಿದ್ರೆ 43.6, ಬಿಸಿನೀರನ್ನೂ ಭಾಗ ಮಾಡ್ಕೊಂಡ್ರೆ ಇನ್ನೂ ಮೇಲೆ.

ಡೈರಿಗಳಲ್ಲಿ ಹಾಲು ಪಾಶ್ಚರೀಕರಣ ಮಾಡುವಾಗ ಇದನ್ನೇ ಮಾಡ್ತಾರೆ, ಕಾಯಿಸಿದ ಹಾಲು ಒಂದು ಕಡೆಯಿಂದ, ತಣ್ಣನೆ ಹಾಲು ಎದುರುಗಡೆಯಿಂದ, ನಡುವೆ ತೆಳು ಸ್ಟೀಲ್ ತಗಡು, ಹೊರಗೆ ಹೋಗೋ ಹಾಲಿನ ಶಾಖದಿಂದಲೇ ಒಳಗೆ ಬರೋ ಹಾಲು ಬಹುಪಾಲು ಬಿಸಿಯಾಗತ್ತೆ. ಆ ಹುಡುಗ ಮನೆಯಲ್ಲಿ ಎರಡು ಟಿಫಿನ್ ಡಬ್ಬಿ ಇಟ್ಕೊಂಡು ಮಾಡಿದಾಗ 41 ಬಂತಂತೆ, ಉಳಿದ ಒಂದು ಡಿಗ್ರಿ ಎಲ್ಲಿ ಹೋಯ್ತು ಅಂತ ಡಬ್ಬಿ ತೂಕ ಮಾಡ್ತಾ ಕೂತಿದ್ದಾನೆ.